ಟಿಟಿಕಾಕಾ ದಡದ ಹನ್ನೆರಡು ಎಲೆ

ತ್ಯಾಗರಾಜರಿಗೆ ಜನರನ್ನು ಕಟ್ಟಿಕೊಂಡು ದೇಶ ಸುತ್ತುವ ಚಟ. ಚಟ ಎಂದೇ ಹೇಳಬೇಕು, ಏಕೆಂದರೆ ಅದರಿಂದ ಅವರಿಗೆ ಇದುವರೆಗೆ ಸಿಕ್ಕಿರುವ ಲಾಭ ಹೊಟ್ಟೆಯುರಿ ಒಂದೇ. ಮೈಸೂರಿನ ಸರಸ್ವತಿಪುರಂನವರು, ವಯಸ್ಸು ಐವತ್ತಮೂರು. ರಾಟರ್‌ಡ್ಯಾಮಿನ ಮಗ್ಗುಲಿನ ಕಾಪೆಲ್ಲೆಯಲ್ಲಿ ಮನೆ ಮಾಡಿ ಎಂಟು ವರ್ಷವಾಯಿತು. ಯಾವುದೋ ವಿಮೆ ಕಂಪನಿಯ ಡೇಟಾಬೇಸ್ ಕಾಯುವುದು ಅವರ ಕೆಲಸ. ಅದು ಸರಿಯಾಗಿ ನಡೆದಷ್ಟು ಕಾಲ ಯಾರ ಕಣ್ಣಿಗೂ ಬೀಳದ ಕೆಲಸ, ಕೆಟ್ಟ ದಿನ ಮಾತ್ರ ಎಲ್ಲರಿಗೂ ಅವರ ಹೆಸರು ನೆನಪಾಗುತ್ತದೆ. ಪ್ರವಾಸದಲ್ಲೂ ಅವರ ಪಾಡು ಅದೇ.

ಎರಡು ವರ್ಷಕ್ಕೊಮ್ಮೆ ಗುರುತಿನ ಸಂಸಾರಗಳನ್ನು ಒಟ್ಟುಹಾಕಿ ಅವರು ಎಲ್ಲಿಗಾದರೂ ಹೊರಡುತ್ತಾರೆ. ಹೊರಡುವ ಮುಂಚೆ ಒಂದು ಸುತ್ತೋಲೆ ಬರೆಯುತ್ತಾರೆ. ವಾಪಸಾದ ಮೇಲೆ, ‘ಇನ್ನು ಸತ್ತರೂ ಈ ಜನರನ್ನು ಕಟ್ಟಿಕೊಂಡು ಹೋಗುವುದಿಲ್ಲ’ ಎಂದು ಹೆಂಡತಿ ಸರಳಾಳ ಮುಂದೆ ಶಪಥ ಮಾಡುತ್ತಾರೆ. ಸರಳಾ ಆ ಶಪಥವನ್ನು ನಾಲ್ಕು ಸಲ ಕೇಳಿದ್ದಾಳೆ.

ಈ ಸಲದ ಪ್ರವಾಸ ಪೆರು ದೇಶಕ್ಕೆ. ಸುತ್ತೋಲೆ ಹನ್ನೊಂದು ಪುಟವಾಗಿತ್ತು. ಸಂಸ್ಕೃತಿ, ಚರಿತ್ರೆ, ನಿಸರ್ಗ ಎಂದು ಮೂರು ಭಾಗ ಮಾಡಿ, ಯಾವ ಊರಿನಲ್ಲಿ ಏನು ನೋಡಬೇಕು, ಯಾವ ಹೊತ್ತಿಗೆ ನೋಡಬೇಕು, ನೋಡುವಾಗ ಏನು ಮಾಡಬಾರದು, ಎಲ್ಲವನ್ನೂ ಅಂಶ ಅಂಶವಾಗಿ ಬರೆದಿದ್ದರು. ಹದಿನಾಲ್ಕನೇ ಅಂಶ ದಪ್ಪಕ್ಷರದಲ್ಲಿತ್ತು: ಅಲ್ಲಿ ಬೆಟ್ಟದ ಮೇಲೆ ಉಸಿರು ಕಟ್ಟಿದರೆ ಕೋಕಾ ಎಲೆಯ ಚಹಾ ಕೊಡುತ್ತಾರೆ, ಎಲೆಯನ್ನು ಅಗಿಯಲೂ ಕೊಡುತ್ತಾರೆ, ಅಲ್ಲಿ ಅದು ಸಾಮಾನ್ಯ. ಆದರೆ ನೆದರ್‌ಲ್ಯಾಂಡ್ಸಿನಲ್ಲಿ ಅದೇ ಎಲೆ ಮಾದಕವಸ್ತುಗಳ ಪಟ್ಟಿಯಲ್ಲಿದೆ. ಒಂದೇ ಒಂದು ಎಲೆಯನ್ನೂ ತರಕೂಡದು. ಅತ್ತೆ ಲೀಲಮ್ಮನವರಿಗಾಗಿ ಈ ಹನ್ನೊಂದು ಪುಟವನ್ನೂ ಬೇರೆಯಾಗಿ ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿಕೊಟ್ಟಿದ್ದರು. ಲೀಲಮ್ಮ ಅದರಲ್ಲಿ ಚಟ್ನಿಪುಡಿ ಕಟ್ಟಿಕೊಂಡು ಬಂದರು.

ಲೀಲಮ್ಮನವರು ಸರಳಾಳ ತಾಯಿ, ನಂಜನಗೂಡಿನವರು, ಎಪ್ಪತ್ತೆರಡು ವರ್ಷ. ಗಂಡ ತೀರಿಕೊಂಡ ಮೇಲೆ ರವಿಕೆ ಹೊಲಿದು ಮಗಳನ್ನು ಓದಿಸಿದ ಹೆಂಗಸು. ಮೂರು ತಿಂಗಳ ವೀಸಾದ ಮೇಲೆ ಬಂದಿದ್ದವರನ್ನು ಮನೆಯಲ್ಲಿ ಒಬ್ಬರನ್ನೇ ಬಿಡುವುದು ಹೇಗೆಂದು ಪೆರುವಿಗೂ ಕರೆದೊಯ್ದರು. ಅಳಿಯನನ್ನು ಅವರು ‘ಅಳಿಯಂದ್ರೆ’ ಎಂದೇ ಕರೆಯುವುದು, ‘ನೀವು’ ಎಂದೇ ಮಾತಾಡಿಸುವುದು. ಇಷ್ಟು ಮರ್ಯಾದೆ ಕೊಡುವವರ ಮೇಲೆ ರೇಗುವುದಾದರೂ ಹೇಗೆ? ತ್ಯಾಗರಾಜರು ಅತ್ತೆಯ ಮೇಲೆ ಬಂದ ಸಿಟ್ಟನ್ನೆಲ್ಲ ನುಂಗಿ, ಆಮೇಲೆ ಸರಳಾಳ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಪ್ರವಾಸಕ್ಕೆ ಹೋದವರು ಎಂಟು ಮಂದಿ. ಇವರ ಮನೆಯ ನಾಲ್ವರು: ತ್ಯಾಗರಾಜ, ಸರಳಾ, ಹದಿನೇಳರ ಮಗಳು ಹಿತಾ, ಲೀಲಮ್ಮ. ನ್ಯೂವೆಗೈನಿನಿಂದ ಉಡುಪಿ ಕಡೆಯ ಹರಿಣಾಕ್ಷಿ, ಅವರ ಗಂಡ ಬೂಬ. ಟಿಲ್‌ಬರ್ಗ್‌ನಿಂದ ಚೇತನ್, ಭಾವನಾ ಎಂಬ ಎಳೆ ಜೋಡಿ. ಈ ಎಂಟು ತಲೆಗಳನ್ನು ಎಣಿಸುತ್ತ ಎಣಿಸುತ್ತ ತ್ಯಾಗರಾಜರು ಪೆರು ದೇಶದ ಒಂದು ಕಲ್ಲನ್ನೂ ನೆಟ್ಟಗೆ ನೋಡಲಿಲ್ಲ.

ಕುಸ್ಕೋ ಪಟ್ಟಣದಲ್ಲಿ ಹನ್ನೆರಡು ಮೂಲೆಯ ಒಂದು ಕಲ್ಲಿದೆ. ಗಾರೆಯಿಲ್ಲದೆ ಅಕ್ಕಪಕ್ಕದ ಕಲ್ಲುಗಳಿಗೆ ಕೂದಲೆಳೆ ತೂರದಂತೆ ಅದನ್ನು ಕೂಡಿಸಿದ್ದಾರೆ. ಆ ಗೋಡೆಯ ಮುಂದೆ ನಿಲ್ಲಬೇಕೆಂದು ಅವರು ನಾಲ್ಕು ವರ್ಷದಿಂದ ಕನಸು ಕಂಡಿದ್ದರು. ಗೋಡೆಯ ಹತ್ತಿರ ಬರುವ ಹೊತ್ತಿಗೆ ಬೂಬ ಅವರಿಗೆ ತಲೆಸುತ್ತು ಬಂತು. ಆಮ್ಲಜನಕದ ಡಬ್ಬಿ ಹುಡುಕಿಕೊಂಡು ಓಡಿದರು. ಮಾಚು ಪಿಚುವಿನಲ್ಲಿ ಟಿಕೆಟಿನ ಮೇಲೆ ಬರೆದ ದಾರಿಯಲ್ಲಿ ಮುಂದಕ್ಕೆ ಮಾತ್ರ ನಡೆಯಬೇಕು, ಹಿಂದಕ್ಕೆ ಬರುವಂತಿಲ್ಲ. ಅದು ಸುತ್ತೋಲೆಯ ಆರನೇ ಅಂಶ. ಚೇತನ್ ಇನ್ನೊಂದು ಫೋಟೋ ಬೇಕೆಂದು ಹಿಂದಕ್ಕೆ ಬಂದ. ಕಾವಲುಗಾರ ಸೀಟಿ ಊದಿದ. ಮೋಡ ಸರಿದು ಇಡೀ ಊರು ಬಿಸಿಲಿನಲ್ಲಿ ತೆರೆದುಕೊಂಡ ಆ ಹತ್ತು ನಿಮಿಷ ತ್ಯಾಗರಾಜರು ಸಂಜೆ ತರಗತಿಯಲ್ಲಿ ಕಲಿತ ಸ್ಪ್ಯಾನಿಷ್‌ನಲ್ಲಿ ಕಾವಲುಗಾರನ ಕ್ಷಮೆ ಕೇಳುತ್ತಿದ್ದರು. ಕೋಲ್ಕಾ ಕಣಿವೆಯಲ್ಲಿ ಬೆಳಗಿನ ಬಿಸಿಗಾಳಿ ಏರುವಾಗ ಕಾಂಡೋರ್ ಎಂಬ ದೈತ್ಯ ಹದ್ದುಗಳು ರೆಕ್ಕೆ ಬಡಿಯದೆ ಮೇಲೇಳುತ್ತವೆ. ಅವು ಎದ್ದವಂತೆ. ಮೂರು ಎದ್ದವಂತೆ. ಒಂದಂತೂ ತಲೆ ಸವರಿಕೊಂಡು ಹೋಯಿತಂತೆ. ತ್ಯಾಗರಾಜರು ಆಗ ಬಸ್ಸಿನೊಳಗೆ ಎಂಟು ಜನಕ್ಕೆ ಅವಲಕ್ಕಿಗೆ ಬಿಸಿನೀರು ಹಾಕುತ್ತಿದ್ದರು.

“ಅಯ್ಯೋ, ನೀವು ನೋಡ್ಲಿಲ್ವಾ ಮಾರಾಯ್ರೆ? ಎಂಥ ಚಂದ ಉಂಟು ಗೊತ್ತುಂಟಾ!” ಎಂದು ಹರಿಣಾಕ್ಷಿ ಮರುಗಿದರು, ಅವಲಕ್ಕಿ ತಿನ್ನುತ್ತ.

ಇದನ್ನೆಲ್ಲ ತ್ಯಾಗರಾಜರು ಹಲ್ಲು ಕಚ್ಚಿ ಸಹಿಸಿದ್ದಕ್ಕೆ ಒಂದು ಕಾರಣವಿತ್ತು. ಅವರ ಮನಸ್ಸು ಅಷ್ಟೂ ದಿನ ಒಂದು ಫೈಲಿನ ಮೇಲಿತ್ತು. ಕಂಪನಿ ಡಿಸೆಂಬರಿಗೆ ಅವರ ವಿಭಾಗವನ್ನು ಪೋಲೆಂಡಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ಕೆಲಸ ಹೋದರೆ ಪರ್ಮಿಟ್ ಹೋಗುತ್ತದೆ. ಪರ್ಮಿಟ್ ಹೋದರೆ, ಹಿತಾ ಶಾಲೆಯ ಕೊನೆಯ ವರ್ಷದ ನಡುವೆ ಗಂಟುಮೂಟೆ ಕಟ್ಟಬೇಕು. ಇದಕ್ಕೆ ಉಳಿದಿದ್ದ ದಾರಿ ಒಂದೇ, ಇಲ್ಲಿಯ ಪೌರತ್ವ. ಅದಕ್ಕೆ ಡಚ್ ಭಾಷೆಯ ಪರೀಕ್ಷೆ ಕಟ್ಟಬೇಕು; ಬರವಣಿಗೆಯ ಪತ್ರಿಕೆಯಲ್ಲಿ ತ್ಯಾಗರಾಜರು ಮೂರು ಸಲ ಬಿದ್ದು, ನಾಲ್ಕನೇ ಸಲ ಈ ಫೆಬ್ರವರಿಯಲ್ಲಿ ಪಾಸಾಗಿದ್ದರು. ಪ್ರವಾಸದಿಂದ ಸೋಮವಾರ ಮರಳಿ, ಗುರುವಾರ ಊರಿನ ಪುರಸಭೆಗೆ, ಇಲ್ಲಿನವರು ಗೆಮೇಂತೆ ಎನ್ನುವ ಕಚೇರಿಗೆ, ಹೋಗಿ ಅರ್ಜಿ ಕೊಟ್ಟರು. ಕೌಂಟರಿನವರು ಎಲ್ಲ ನೋಡಿ, ಜನನ ಪತ್ರದ ಮೂಲಪ್ರತಿಯನ್ನು ಪರಿಶೀಲನೆಗೆ ಇಟ್ಟುಕೊಂಡರು, ಮುಂದಿನ ಗುರುವಾರ ಬಂದು ಒಯ್ಯಲು ಹೇಳಿದರು. ಅರ್ಜಿದಾರನ ಮೇಲೆ ಸಣ್ಣದೊಂದು ಪೊಲೀಸ್ ಕೇಸಿದ್ದರೂ ಅರ್ಜಿಯ ಕಥೆ ಮುಗಿಯಿತು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಎಂಟು ವರ್ಷ ಅವರು ಸೈಕಲ್ಲಿಗೆ ದೀಪವಿಲ್ಲದೆ ರಸ್ತೆಗಿಳಿದವರಲ್ಲ.

ಆ ಭಾನುವಾರ ಮಧ್ಯಾಹ್ನ ಫೋಟೋ ನೋಡುವ ನೆಪದಲ್ಲಿ ಎಲ್ಲರೂ ಕಾಪೆಲ್ಲೆಯ ಮನೆಯಲ್ಲಿ ಸೇರಿದರು. ನಾನೂರು ಫೋಟೋಗಳಲ್ಲಿ ತ್ಯಾಗರಾಜರು ಇದ್ದದ್ದು ಎರಡರಲ್ಲಿ. ಒಂದರಲ್ಲಿ ಬೆನ್ನು ಮಾತ್ರ. ಬಿಸಿಬೇಳೆಭಾತ್ ಉಂಡು ಎಲ್ಲರೂ ಹೊರಟ ಮೇಲೆ, ಹಿತಾ ದೇವರ ಗೂಡಿನ ಮುಂದೆ ನಿಂತು ಕೂಗಿದಳು.

“ಅಪ್ಪಾ, ಕಮ್ ಹಿಯರ್. ಇದು ಕೋಕಾ ಅಲ್ವಾ? ಲೈಕ್, ರಿಯಲ್ ಕೋಕಾ?”

ದೇವರ ಪಟದ ಕೆಳಗೆ, ಕುಂಕುಮದ ಭರಣಿಯ ಪಕ್ಕ, ಮೂರು ಒಣಗಿದ ಎಲೆಗಳನ್ನು ಒಂದರ ಮೇಲೊಂದಿಟ್ಟು ದಾರ ಸುತ್ತಿತ್ತು. ತ್ಯಾಗರಾಜರು ಓಡಿಬಂದು ನೋಡಿದರು.

“ಅತ್ತೆ, ಇದು ಎಲ್ಲಿಂದ ಬಂತು?”

“ಅದಾ? ಆ ದೊಡ್ಡ ಕೆರೆ ಹತ್ರ ಆಯಮ್ಮ ಕೊಟ್ಳಲ್ಲಾ, ಪ್ರಸಾದ,” ಎಂದರು ಲೀಲಮ್ಮ, ಪಾತ್ರೆ ಒರೆಸುತ್ತ.

ಆ ದೊಡ್ಡ ಕೆರೆ ಎಂದರೆ ಟಿಟಿಕಾಕಾ. ಹನ್ನೆರಡು ಸಾವಿರ ಅಡಿ ಎತ್ತರದಲ್ಲಿ ಕಡಲಿನ ಹಾಗೆ ಬಿದ್ದುಕೊಂಡಿರುವ ಸರೋವರ. ನಡುವೆ ಜೊಂಡು ಹೆಣೆದು ಮಾಡಿದ ತೇಲುವ ನಡುಗಡ್ಡೆಗಳಿವೆ. ಉಳಿದವರೆಲ್ಲ ದೋಣಿಯಲ್ಲಿ ಅವನ್ನು ನೋಡಲು ಹೋಗಿದ್ದರು. ತ್ಯಾಗರಾಜರು ಭಾವನಾಳ ಕಳೆದುಹೋದ ಪಾಸ್‌ಪೋರ್ಟ್ ಹುಡುಕುತ್ತಿದ್ದರು. ಅದು ಅವಳ ಜಾಕೆಟ್ಟಿನ ಒಳಜೇಬಿನಲ್ಲಿತ್ತು. ದೋಣಿ ಒಲ್ಲೆನೆಂದು ದಡದಲ್ಲೇ ಉಳಿದ ಲೀಲಮ್ಮನವರ ಪಕ್ಕದಲ್ಲಿ ಉಣ್ಣೆ ಟೋಪಿ ಮಾರುವ ಮುದುಕಿಯೊಬ್ಬಳು ಕೂತಿದ್ದಳು. ಇವರಿಗೆ ಅವಳ ಭಾಷೆ ಬಾರದು, ಅವಳಿಗೆ ಇವರದು. ಆದರೂ ಒಂದೂವರೆ ಗಂಟೆ ಇಬ್ಬರೂ ಮಾತಾಡಿಕೊಂಡರಂತೆ. ಏಳುವಾಗ ಆಕೆ ಚೀಲದಿಂದ ಹರಿಯದ, ಮುಕ್ಕಾಗದ ಎಲೆಗಳನ್ನೇ ಆರಿಸಿ, ಮೂರು ಮೂರಾಗಿ ಜೋಡಿಸಿ, ಬಾಯಿಯ ಹತ್ತಿರ ಹಿಡಿದು ಉಸಿರೂದಿ, ಎರಡು ಕೈಯಲ್ಲಿ ಕೊಟ್ಟಳು. ಲೀಲಮ್ಮ ಚೀಲದಿಂದ ಒಂದು ರವಿಕೆ ಕಣ ತೆಗೆದು ಅವಳಿಗೆ ಕೊಟ್ಟರು. ಎಲೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಸ್ಕಿಪೋಲ್ ವಿಮಾನ ನಿಲ್ದಾಣದ ಕಸ್ಟಮ್ಸ್ ದಾಟಿ ಬಂದರು. ನಾಯಿಯೊಂದು ಅವರ ಸೆರಗನ್ನು ಮೂಸುವಂತೆ ಮಾಡಿದ್ದೂ ಉಂಟಂತೆ. ಲೀಲಮ್ಮ ಅದನ್ನು ‘ಛೀ, ಅತ್ಲಾಗ್ ಹೋಗು’ ಎಂದು ಗದರಿದರಂತೆ.

“ನಾನು ಬರೆದುಕೊಟ್ಟಿದ್ನಲ್ಲ ಅತ್ತೆ! ಹದಿನಾಲ್ಕನೇ ಪಾಯಿಂಟು! ತರಬಾರದು ಅಂತ!”

“ನೀವು ಬರೆದಿದ್ದು ಕೋಕಾ ವಿಷ್ಯ ಅಲ್ವೇ ಅಳಿಯಂದ್ರೆ? ಇದು ಆಯಮ್ಮ ಕೊಟ್ಟಿದ್ದು. ಕೊಟ್ಟಿದ್ದನ್ನ ಬಿಸಾಕೋಕಾಗುತ್ಯೇ?”

ತ್ಯಾಗರಾಜರಿಗೆ ತಲೆ ಚಿಟ್ಟು ಹಿಡಿಯಿತು. ಹನ್ನೊಂದು ಪುಟ ಬರೆದವನ ಕೈಯನ್ನು ಕಡಿಯಬೇಕು ಎನಿಸಿತು.

“ಎಷ್ಟು ಎಲೆ ಕೊಟ್ಟಳು?”

“ಹನ್ನೆರಡು.”

“ಮಿಕ್ಕಿದ್ದು?”

“ಬಂದೋರ್ನ ಬರೀ ಕೈಯಲ್ಲಿ ಕಳಿಸೋಕಾಗುತ್ಯೇ? ಹರಿಣಾಕ್ಷಿಗೆ ಮೂರು, ಭಾವನಾಗೆ ಮೂರು ಕೊಟ್ಟೆ.”

ಮೂರು, ಮೂರು, ಮೂರು. ಒಂಬತ್ತು. ಇನ್ನು ಮೂರೆಲ್ಲಿ ಎಂದು ಕೇಳುವಷ್ಟು ತಾಳ್ಮೆ ಆ ಗಳಿಗೆಯಲ್ಲಿ ಅವರಿಗೆ ಇರಲಿಲ್ಲ. ಹೊರಗೆ ಹೋದ ಆರನ್ನು ಮೊದಲು ತರಬೇಕಿತ್ತು. ಮಾದಕವಸ್ತುವನ್ನು ಸಾಗಿಸಿದ್ದು ಮಾತ್ರವಲ್ಲ, ಮನೆಗೆ ಕರೆದು ಹಂಚಿದ್ದೂ ಆಯಿತಲ್ಲ ಎಂದು ಸರಳಾಳ ಮುಂದೆ ಹಣೆ ಚಚ್ಚಿಕೊಂಡರು. ಸರಳಾ, “ಅಮ್ಮನಿಗೇನ್ರೀ ಗೊತ್ತು? ಕಿರುಚ್ಬೇಡಿ, ಪಕ್ಕದ್ಮನೆಯವ್ರಿಗೆ ಕೇಳ್ಸುತ್ತೆ,” ಎಂದಳು. ಅದು ನಿಜವಾದ್ದರಿಂದ ಸಿಟ್ಟು ಇನ್ನೂ ಹೆಚ್ಚಿತು. ಫೋನಿನಲ್ಲಿ ಹೇಳೋಣವೆಂದರೆ ಭಯ. ವಾಟ್ಸ್ಯಾಪಿನಲ್ಲಿ ಬರೆಯೋಣವೆಂದರೆ ಇನ್ನೂ ಭಯ. ಖುದ್ದಾಗಿಯೇ ಹೋಗಬೇಕಾಯಿತು.

ಸೋಮವಾರ ಆಫೀಸು ಮುಗಿಸಿ ನ್ಯೂವೆಗೈನಿನಲ್ಲಿ ಹರಿಣಾಕ್ಷಿಯವರ ಬಾಗಿಲು ತಟ್ಟಿದರು. ವಿಷಯ ಹೇಳಿದರು. ಹರಿಣಾಕ್ಷಿ ಸೊಂಟಕ್ಕೆ ಕೈಯಿಟ್ಟು ನಿಂತರು.

“ಪ್ರಸಾದ ಕೊಟ್ಟು ವಾಪಸ್ ಕೇಳುದಾ? ನಮ್ಮ ಊರಲ್ಲಿ ಹೀಗೆ ಎಲ್ಲಿಯೂ ಇಲ್ಲ ಮಾರಾಯ್ರೆ. ಇವರಿಗೆ ಮಂಡಿನೋವು ಬೇರೆ ಕಮ್ಮಿ ಆಗಿದೆ ನಿನ್ನೆಯಿಂದ.”

“ಅದನ್ನ ಮಂಡಿಗೆ ಹಚ್ಚಿದ್ರಾ?” ತ್ಯಾಗರಾಜರ ಸ್ವರ ಕೀರಲಾಯಿತು.

“ಇಲ್ಲಪ್ಪ. ತಲೆದಿಂಬಿನ ಅಡಿಗೆ ಇಟ್ಟದ್ದು.”

ಬೂಬ ಅವರ ತಲೆದಿಂಬಿನಡಿಯಿಂದ ಮೂರು ಎಲೆ ಬಂತು. ಅದಕ್ಕೆ ಮುಂಚೆ ಒಂದು ಲೋಟ ಕಷಾಯ ಕುಡಿಯಬೇಕಾಯಿತು, ಕಾಂಡೋರ್ ಹದ್ದಿನ ವೀಡಿಯೋವನ್ನು ಎರಡು ಸಲ ನೋಡಬೇಕಾಯಿತು. ಹದ್ದು ನಿಜಕ್ಕೂ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳುವ ಮನಸ್ಸು ಅವರಿಗೆ ಬರಲಿಲ್ಲ.

ಮಂಗಳವಾರ ಟಿಲ್‌ಬರ್ಗ್. ರೈಲು ತಡ, ಬ್ರೇಡಾದಲ್ಲಿ ಇಳಿದು ಬೇರೆ ಗಾಡಿ ಹಿಡಿಯಿರಿ ಎಂಬ ಪ್ರಕಟಣೆ. ಎಲೆಯಿಲ್ಲದೆ ಹೋಗುವಾಗಲೇ ಅವರಿಗೆ ಅಕ್ಕಪಕ್ಕದವರೆಲ್ಲ ಪೊಲೀಸರಂತೆ ಕಂಡರು. ಮೂರು ಎಲೆಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡು ಬರುವಾಗ ಕೇಳುವುದೇ ಬೇಡ. ಭಾವನಾ ಎಲೆಗಳನ್ನು ಹೊಸ ಕಾರಿನ ಕನ್ನಡಿಗೆ, ನಿಂಬೆಹಣ್ಣಿನ ಜೊತೆ, ನೇತುಹಾಕಿದ್ದಳು. ಆ ಕಾರು ಎರಡು ದಿನದಿಂದ ಟಿಲ್‌ಬರ್ಗ್ ಪೇಟೆಯನ್ನೆಲ್ಲ ಸುತ್ತಿತ್ತು.

“ಅಂಕಲ್, ನಿಮ್ ಸರ್ಕ್ಯುಲರ್ ಸೂಪರ್ ಆಗಿತ್ತು. ಫುಲ್ ಓದ್ದೆ,” ಎಂದ ಚೇತನ್, ಎಲೆ ಬಿಚ್ಚಿಕೊಡುತ್ತ.

“ಹದಿನಾಲ್ಕನೇ ಪಾಯಿಂಟ್ ಏನಿತ್ತು ಹೇಳು.”

ಚೇತನ್ ಹಲ್ಲು ಕಿರಿದ.

ಬುಧವಾರ ಸಂಜೆ ಊಟದ ಮೇಜಿನ ಮೇಲೆ ಒಂಬತ್ತು ಎಲೆಗಳು ಸಾಲಾಗಿ ಬಿದ್ದಿದ್ದವು. ತ್ಯಾಗರಾಜರು ಮೂರು ದಿನದಲ್ಲಿ ಮೊದಲ ಬಾರಿಗೆ ಸಮಾಧಾನದಿಂದ ಕೇಳಿದರು.

“ಇನ್ನು ಮೂರು ಎಲ್ಲಿ ಅತ್ತೆ?”

ಲೀಲಮ್ಮ ಬಟಾಣಿ ಬಿಡಿಸುತ್ತಿದ್ದವರು ತಲೆಯೆತ್ತಲಿಲ್ಲ.

“ಅದು... ನಿಮ್ ಫೈಲಲ್ಲಿಟ್ಟೆ.”

“ಯಾವ ಫೈಲು?”

“ಹೋದ ಗುರುವಾರ ತಗೊಂಡ್ ಹೋದ್ರಲ್ಲಾ, ಅದೇ. ನೀವು ಸ್ನಾನಕ್ಕೆ ಹೋಗಿದ್ರಿ. ನಿಮ್ ಹುಟ್ಟಿದ ಕಾಗ್ದಾನೇ ಮುಖ್ಯ ಅಂತ ಸರಳಾ ಅಂದಿದ್ಲು. ಅದರ ಪ್ಲಾಸ್ಟಿಕ್ ಕವರಿನ ಒಳಗೆ, ಹಿಂದ್ಗಡೆ ಇಟ್ಟೆ. ಕೆಲ್ಸ ಆಗ್ಲಿ ಅಂತ.”

ಸರಳಾ ಕುರ್ಚಿ ಎಳೆದುಕೊಂಡು ಕೂತಳು. ಹಿತಾ, “ಓ ಮೈ ಗಾಡ್, ಅಜ್ಜಿ,” ಎಂದಳು. ತ್ಯಾಗರಾಜರಿಗೆ ಕಣ್ಣಿಗೆ ಕಟ್ಟಿದ್ದು ಒಂದೇ: ಸರ್ಕಾರಿ ಕಚೇರಿಯ ಮೇಜಿನ ಮೇಲೆ, ತಮ್ಮ ಹೆಸರು, ಹುಟ್ಟಿದ ದಿನ, ತಂದೆ ತಾಯಿಯ ಹೆಸರು ಬರೆದ ಕಾಗದಕ್ಕೆ ಅಂಟಿಕೊಂಡು, ಮೂರು ಕೋಕಾ ಎಲೆ. ಸುಳ್ಳು ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಇಪ್ಪತ್ತು ವರ್ಷ ಅತ್ತೆಯ ಎದುರು ನುಂಗಿದ್ದ ಸಿಟ್ಟೆಲ್ಲ ಒಟ್ಟಿಗೆ ಮೇಲೆ ಬಂತು.

“ನಿಮಗೆ ಬುದ್ಧಿ ಬೇಡವಾ ಅತ್ತೆ? ನನ್ನ ಮಗಳ ಓದು, ಈ ಮನೆ, ಎಲ್ಲ ಆ ಫೈಲ್ ಮೇಲೆ ನಿಂತಿದೆ! ಯಾವಳೋ ಬೀದೀಲಿ ಕೂತೋಳು ಎಲೆ ಕೊಟ್ಟಳು ಅಂತ ತಗೊಂಡುಬಿಡೋದಾ? ಬೇಡ ಅನ್ನೋಕೆ ಬಾಯಿ ಇರಲಿಲ್ವಾ?”

ಲೀಲಮ್ಮ ಬಟಾಣಿಯ ಬುಟ್ಟಿಯನ್ನು ಪಕ್ಕಕ್ಕಿಟ್ಟರು. ಅಳಲಿಲ್ಲ. ಕೈ ಒರೆಸಿಕೊಂಡು ನಿಧಾನವಾಗಿ ಹೇಳಿದರು.

“ನಂಗೆ ಯಾರೂ ಎಲೆ ಕೊಟ್ಟಿರ್ಲಿಲ್ಲ ಕಣಪ್ಪ, ಇಪ್ಪತ್ತೆಂಟು ವರ್ಷದಿಂದ. ಆಯಮ್ಮಂಗೆ ನಾನು ಯಾರು ಏನು ಗೊತ್ತಿರ್ಲಿಲ್ಲ. ಎರಡು ಕೈಯಲ್ಲಿ ಕೊಟ್ಟು ನಕ್ಕಳು. ಬೇಡ ಅನ್ನೋಕೆ ನಂಗೆ ಮನಸ್ಸು ಬರ್ಲಿಲ್ಲ.”

‘ಅಳಿಯಂದ್ರೆ’ ಹೋಗಿ ‘ಕಣಪ್ಪ’ ಆಗಿದ್ದನ್ನು ತ್ಯಾಗರಾಜರು ಗಮನಿಸಿದರು.

ಪ್ರತಿ ವರ್ಷ ನವರಾತ್ರಿಯಲ್ಲಿ ಇದೇ ಹಾಲಿನಲ್ಲಿ ಸರಳಾ ಅರಿಶಿನ ಕುಂಕುಮಕ್ಕೆ ಕರೆಯುತ್ತಾಳೆ. ಹದಿನೈದು ಇಪ್ಪತ್ತು ಹೆಂಗಸರು ಬರುತ್ತಾರೆ. ಒಬ್ಬೊಬ್ಬರ ಮಡಿಲಿಗೂ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಕಣ. ಎರಡು ವರ್ಷದ ಹಿಂದೆ ಲೀಲಮ್ಮ ಅದೇ ಸಮಯಕ್ಕೆ ಬಂದಿದ್ದರು. ಆ ಇಡೀ ಸಂಜೆ ಅವರು ಅಡುಗೆಮನೆಯಲ್ಲಿ ನಿಂತು ಆಂಬೊಡೆ ಕರಿದರು. ಹಂಚಿದ ಕಣಗಳ ಅಂಚು ಹೊಲಿದವರೂ ಅವರೇ. ಅತ್ತೆ ಹೊರಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಅಂದು ಬಂದವರ ಚಪ್ಪಲಿ ಸಾಲಾಗಿ ಜೋಡಿಸುತ್ತ ಓಡಾಡಿದ ತ್ಯಾಗರಾಜರಿಗೆ ಆ ಲೋಪ ಹೊಳೆದಿರಲೇ ಇಲ್ಲ. ಇಂಥದ್ದು ಹೊಳೆಯದ ತನ್ನ ಮೇಲೆ, ಹೇಳದೆ ಸುಮ್ಮನಿದ್ದ ಅತ್ತೆಯ ಮೇಲೆ, ಸ್ವಂತ ತಾಯಿಯನ್ನು ಒಳಗೆ ಬಿಟ್ಟು ಊರಿಗೆಲ್ಲ ಹಂಚಿದ ಹೆಂಡತಿಯ ಮೇಲೆ, ಎಲ್ಲರ ಮೇಲೂ ಅವರಿಗೆ ಒಟ್ಟಿಗೆ ರೇಗಿತು. ಸರಳಾ ಎದ್ದು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದಳು. ತೊಳೆಯಲು ಸಿಂಕಿನಲ್ಲಿ ಏನೂ ಇರಲಿಲ್ಲ.

ಗುರುವಾರ ಹತ್ತು ಗಂಟೆಗೆ ತ್ಯಾಗರಾಜರು ಗೆಮೇಂತೆಯ ಕೌಂಟರಿನ ಮುಂದೆ ನಿಂತರು. ನಿಜವನ್ನೇ ಹೇಳುವುದೆಂದು ತೀರ್ಮಾನಿಸಿದ್ದರು. ಅದಕ್ಕೆ ಬೇಕಾದ ಡಚ್ ವಾಕ್ಯಗಳನ್ನು ಮೆಟ್ರೋದಲ್ಲಿ ಮೂರು ಸಲ ಬಾಯಿಪಾಠ ಮಾಡಿದ್ದರು. ಕೌಂಟರಿನಲ್ಲಿ ಹೋದ ವಾರದ ತರುಣನಿರಲಿಲ್ಲ, ಐವತ್ತರ ಹೆಂಗಸೊಬ್ಬಳಿದ್ದಳು. ಸುರಿನಾಮಿನಿಂದ ಬಂದ ಹಿಂದೂಸ್ತಾನಿ ಮನೆತನದವಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. ಮುತ್ತಜ್ಜನ ಕಾಲದಲ್ಲಿ ಕಬ್ಬಿನ ತೋಟಕ್ಕೆಂದು ಬಿಹಾರದಿಂದ ಹಡಗು ಹತ್ತಿದವರ ಪೈಕಿ. ಜನನ ಪತ್ರವನ್ನು ಈಚೆ ತಳ್ಳಿದಳು. ಅದರ ಜೊತೆಗೆ ಒಂದು ಸಣ್ಣ ಬಿಳಿ ಲಕೋಟೆಯನ್ನೂ ಇಟ್ಟಳು.

“ಸ್ಕ್ಯಾನ್ ಮಾಡುವಾಗ ಕವರಿನಿಂದ ಇದು ಬಿತ್ತು,” ಎಂದಳು ಡಚ್ಚಿನಲ್ಲಿ. “ನಮ್ಮ ಹುಡುಗ ಕಸದ ಬುಟ್ಟಿಗೆ ಹಾಕುತ್ತಿದ್ದ. ತಡಿ, ಅದು ಪ್ರಸಾದ ಇರಬೇಕು, ಎಸೆಯಬಾರದು ಅಂದೆ. ನಾನು ಪರೀಕ್ಷೆಗೆ ಹೋಗುವಾಗ ನಮ್ಮಜ್ಜಿಯೂ ಪುಸ್ತಕದೊಳಗೆ ಚೆಂಡು ಹೂವಿನ ಎಸಳು ಇಡುತ್ತಿದ್ದಳು.”

ತ್ಯಾಗರಾಜರಿಗೆ ಬಾಯಿಪಾಠದ ಮೊದಲ ವಾಕ್ಯ ನಾಲಿಗೆಯ ತುದಿಗೆ ಬಂತು. ಆಕೆ ಲಕೋಟೆಯನ್ನು ಎರಡು ಕೈಯಲ್ಲಿ ಎತ್ತಿ ಚಾಚಿದಳು. ಹೇಳಿದರೆ ಇವಳೂ ಸಿಕ್ಕಿಬೀಳುತ್ತಾಳೆ, ಹೇಳದಿದ್ದರೆ ತಾನು ಸುಳ್ಳ. ಇದೆಂಥ ಪೀಕಲಾಟ! ಜೀವನದಲ್ಲಿ ಒಂದು ಸಲವೂ ದೀಪವಿಲ್ಲದೆ ಸೈಕಲ್ ಓಡಿಸದವನನ್ನು ಇಲ್ಲಿ ತಂದು ನಿಲ್ಲಿಸಿದರಲ್ಲ!

“ನಮ್ಮತ್ತೆಯವರದು,” ಎಂದರು ಕಡೆಗೆ. ಅಷ್ಟೇ ಅವರಿಂದಾದದ್ದು.

“ಅವರಿಗೆ ನನ್ನ ನಮಸ್ಕಾರ ಹೇಳಿ. ನಿಮ್ಮ ಕಾಗದಪತ್ರವೆಲ್ಲ ಸರಿಯಾಗಿದೆ. ಫೈಲು ನಾಳೆ ಇಲ್ಲಿಂದ ಮುಂದಕ್ಕೆ ಹೋಗುತ್ತದೆ.”

ಹೊರಗೆ ಬಂದು ಲಕೋಟೆಯನ್ನು ಕನ್ನಡಕದ ಡಬ್ಬಿಯಲ್ಲಿಟ್ಟು ಮುಚ್ಚಿದರು. ಸಂಜೆ ಲೀಲಮ್ಮನವರನ್ನು ಕರೆದುಕೊಂಡು ಮನೆಯ ಹಿಂದಿನ ಕಾಲುವೆಗೆ ಹೋದರು. ಬೇಡ, ನೀವೇ ಬಿಡಿ ಎಂದು ಅತ್ತೆ ಹೇಳಿದರೂ ಕೇಳದೆ, ಹನ್ನೆರಡು ಎಲೆಯನ್ನೂ ಅವರ ಕೈಯಿಂದಲೇ ಬಿಡಿಸಿದರು. ಎಲೆಗಳು ಬಾತುಕೋಳಿಗಳ ನಡುವೆ ತಿರುಗಿ ತಿರುಗಿ, ನೆನೆದು, ಮುಳುಗಿದವು. ಲೀಲಮ್ಮ ಕೈಮುಗಿದರು. ಮನೆಯ ಬಾಗಿಲ ಬಳಿ ಲೀಲಮ್ಮ, “ನಿಮ್ಗೆ ತುಂಬಾ ತೊಂದ್ರೆ ಕೊಟ್ಟೆ ಅಳಿಯಂದ್ರೆ,” ಎಂದರು. ಮತ್ತೆ ‘ಅಳಿಯಂದ್ರೆ’. ತ್ಯಾಗರಾಜರಿಗೆ ಅದನ್ನು ಕೇಳಿ ಹಿಂಸೆಯಾಯಿತು.

ಮರುದಿನ ಅವರು ಆಫೀಸಿಗೆ ರಜೆ ಹಾಕಿ ರಾಟರ್‌ಡ್ಯಾಮಿಗೆ ಹೋದರು. ವೀಳ್ಯದೆಲೆ ಹುಡುಕಿ ನಾಲ್ಕು ಸುರಿನಾಮಿ ಅಂಗಡಿ ಹತ್ತಿ ಇಳಿದರು. ಮೊದಲನೆಯದರಲ್ಲಿ ಮುಗಿದಿತ್ತು, ಎರಡನೆಯದರಲ್ಲಿ ಕೊಳೆತಿತ್ತು, ಮೂರನೆಯವನು ಪಾಲಕ್ ತೋರಿಸಿದ. ನಾಲ್ಕನೆಯದರಲ್ಲಿ ಒಂದು ಕಟ್ಟು ಸಿಕ್ಕಿತು. ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು. ಎಲ್ಲವನ್ನೂ ಒಂದು ಚೀಟಿಯಲ್ಲಿ ಅಂಶ ಅಂಶವಾಗಿ ಬರೆದುಕೊಂಡು ಹೋಗಿದ್ದರು. ಚೀಲವನ್ನು ತಂದು ಸರಳಾಳ ಮುಂದಿಟ್ಟರು. ಅವಳು ಒಳಗೆ ನೋಡಿದಳು, ಗಂಡನ ಮುಖ ನೋಡಿದಳು. ಫೋನೆತ್ತಿ ಹರಿಣಾಕ್ಷಿಗೂ ಭಾವನಾಳಿಗೂ ಭಾನುವಾರ ಬರಹೇಳಿದಳು.

ಭಾನುವಾರ ಹೆಂಗಸರು ಬಂದರು. ಲೀಲಮ್ಮ ಅಭ್ಯಾಸದಂತೆ ಅಡುಗೆಮನೆಯಲ್ಲಿ ಬಾಣಲೆ ಒಲೆಯ ಮೇಲಿಟ್ಟಿದ್ದರು. ಸರಳಾ ಹೋಗಿ ಒಲೆ ಆರಿಸಿ, ತಾಯಿಯ ಕೈಹಿಡಿದು ಹಾಲಿಗೆ ಕರೆತಂದು, ಎಲ್ಲರಿಗಿಂತ ಮೊದಲು ಅವರನ್ನೇ ಮಣೆಯ ಮೇಲೆ ಕೂರಿಸಿದಳು.

“ನಂಗ್ಯಾಕೆ? ಮೊದ್ಲು ಅವರಿಗೆ ಕೊಡು. ಜನ ಏನಂತಾರೆ?”

“ಎಂತ ಹೇಳುದು? ಕೂತ್ಕೊಳ್ಳಿ ಅಮ್ಮ,” ಎಂದರು ಹರಿಣಾಕ್ಷಿ, ಮೂಗು ಒರೆಸಿಕೊಳ್ಳುತ್ತ.

ಸರಳಾ ತಾಯಿಯ ಹಣೆಗೆ ಕುಂಕುಮವಿಟ್ಟಳು. ಅದು ಸ್ವಲ್ಪ ಓರೆಯಾಯಿತು. ವೀಳ್ಯದೆಲೆ, ಅಡಿಕೆ, ಕಾಯಿ, ಕಣವನ್ನು ಎರಡು ಕೈಯಲ್ಲಿ ಮಡಿಲಿಗೆ ಹಾಕಿದಳು. ತ್ಯಾಗರಾಜರು ಬಾಗಿಲ ಬಳಿ ನಿಂತಿದ್ದರು. ಬಂದವರ ಚಪ್ಪಲಿ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಅವರು ಆ ಕಡೆ ತಿರುಗಲಿಲ್ಲ, ನಿಂತಲ್ಲೇ ನಿಂತು ನೋಡಿದರು.

ಲೀಲಮ್ಮ ಕಟ್ಟಿನಿಂದ ಒಂದು ಎಲೆ ತೆಗೆದು, ತೊಡೆಯ ಮೇಲೆ ಒರೆಸಿ, ತೊಟ್ಟು ಮುರಿದು, ನಾರು ಸುಲಿದರು. ಅಡಿಕೆಯ ಚೂರಿಟ್ಟರು. ಮಡಿಲಲ್ಲಿ ಬೆರಳಾಡಿಸಿ ಏನನ್ನೋ ಹುಡುಕಿದರು. ಸಿಗಲಿಲ್ಲ. ತಲೆ ಎತ್ತಿದರು.

“ಎಲ್ಲಾ ಸರಿ ಅಳಿಯಂದ್ರೆ. ಸುಣ್ಣ ಎಲ್ಲಿ?”

ಚೀಟಿಯಲ್ಲಿ ಸುಣ್ಣ ಇರಲಿಲ್ಲ. ಭಾನುವಾರ, ಸಂಜೆ ಐದು ಗಂಟೆ, ಕಾಪೆಲ್ಲೆಯಲ್ಲಿ ಸುಣ್ಣ! ತ್ಯಾಗರಾಜರು ಒಂದು ಕ್ಷಣ ಕಣ್ಣು ಮುಚ್ಚಿಕೊಂಡರು.

“ತರ್ತೀನಿ ಅತ್ತೆ. ಬಾಯಿಗೆ ಹಾಕ್ಕೋಬೇಡಿ, ನಾನು ಬರೋವರ್ಗೂ ಕಾಯಿರಿ,” ಎಂದು ಗೊಣಗಿ, ಗೂಟದ ಮೇಲಿದ್ದ ಕೋಟನ್ನು ಎಳೆದುಕೊಂಡು ಹೊರಟರು.